ಪ್ರಾಣಿಶಾಸ್ತ್ರಕ್ಕೆ ಇಷ್ಟೊಂದು ಕವಲು ಯಾಕೆ?

ಪ್ರಶ್ನೆ: ನಾನು ಪೆರ್ಲದ ಕಡೆಯ ಅಡಿಕೆ ಕೃಷಿಕ. ಮಗಳು ಈ ವರ್ಷ ಪದವಿಗೆ ಪ್ರಾಣಿಶಾಸ್ತ್ರ ತೆಗೆದುಕೊಂಡಿದ್ದಾಳೆ. ಮೊದಲ ಪಾಠದಲ್ಲೇ ಉದ್ದದ ಶಾಖೆಗಳ ಪಟ್ಟಿ. ದಿನವೂ ಅದನ್ನೇ ಬಾಯಿಪಾಠ ಮಾಡುತ್ತಿದ್ದಾಳೆ. ಒಂದು ವಿಷಯವನ್ನು ಇಷ್ಟು ತುಂಡು ಮಾಡಿದ್ದು ಯಾರು, ಯಾಕೆ? ಅರಿಸ್ಟಾಟಲ್ ಇದರ ಪಿತಾಮಹ ಅಂತ ಪುಸ್ತಕದಲ್ಲಿದೆ. ನಮ್ಮ ದೇಶದಲ್ಲಿ ಪ್ರಾಣಿಗಳ ಬಗ್ಗೆ ಯಾರೂ ಯೋಚಿಸಲೇ ಇಲ್ಲವಾ? ಮುಂದೆ ಅವಳು ಯಾವ ಶಾಖೆ ಹಿಡಿದರೆ ಒಳ್ಳೆಯದು?

ಉತ್ತರ: ಬಾಯಿಪಾಠ ಬೇಡ ಎಂದು ನಾನು ಹೇಳಲಾರೆ. ಪರೀಕ್ಷೆಗೆ ಬಂದೇ ಬರುತ್ತದೆ. ಆದರೆ ಆ ಪಟ್ಟಿ ಕಷ್ಟ ಅನ್ನಿಸಲು ಒಂದು ಕಾರಣ ಇದೆ. ಅದರಲ್ಲಿ ಎರಡು ಬೇರೆ ಪಟ್ಟಿಗಳು ಕಲಸಿಹೋಗಿವೆ. ಕೀಟಶಾಸ್ತ್ರ, ಮತ್ಸ್ಯಶಾಸ್ತ್ರ, ಪಕ್ಷಿಶಾಸ್ತ್ರ, ಸಸ್ತನಿಶಾಸ್ತ್ರ, ಹಾವು ಕಪ್ಪೆಗಳ ಹರ್ಪೆಟಾಲಜಿ, ಚಿಪ್ಪುಜೀವಿಗಳ ಮ್ಯಾಲಕಾಲಜಿ ಇವೆಲ್ಲ ‘ಯಾವ ಪ್ರಾಣಿ?’ ಎಂಬುದರ ಮೇಲೆ ಹುಟ್ಟಿದವು. ಅಂಗರಚನೆ, ಶರೀರಕ್ರಿಯೆ, ಭ್ರೂಣಶಾಸ್ತ್ರ, ತಳಿಶಾಸ್ತ್ರ, ಪರಿಸರಶಾಸ್ತ್ರ, ನಡವಳಿಕೆಯ ಅಧ್ಯಯನ ಇವು ‘ಪ್ರಾಣಿಯ ಬಗ್ಗೆ ಯಾವ ಪ್ರಶ್ನೆ?’ ಎಂಬುದರ ಮೇಲೆ ಹುಟ್ಟಿದವು. ಚಾಪೆಯ ಉದ್ದದ ಎಳೆ ಮತ್ತು ಅಡ್ಡದ ಎಳೆಯ ಹಾಗೆ ಇವು ಒಂದನ್ನೊಂದು ದಾಟಿ ಹೋಗುತ್ತವೆ. ಎರಡನ್ನೂ ಒಂದೇ ಸಾಲಿನಲ್ಲಿ ಒಂದರ ಕೆಳಗೊಂದು ಬರೆದರೆ ತಲೆ ಕೆಡದೆ ಇರುತ್ತದೆಯೇ?

ನಮ್ಮೂರಿನ ಒಂದು ಪ್ರಾಣಿಯನ್ನೇ ಹಿಡಿದು ನೋಡೋಣ. ಕುಂಬಳೆ ಹತ್ತಿರದ ಅನಂತಪುರ ಕೆರೆ ದೇವಸ್ಥಾನದ ಬಬಿಯಾ ಎಂಬ ಮೊಸಳೆ ನಿಮಗೂ ಗೊತ್ತಿರಬೇಕು. 2022ರ ಅಕ್ಟೋಬರ್‌ನಲ್ಲಿ ಅದು ಸತ್ತಾಗ ಊರಿಗೆ ಊರೇ ಸೇರಿತ್ತು. ಮರುವರ್ಷ ನವೆಂಬರ್‌ನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಹರ್ಪೆಟಾಲಜಿಯವರು ಬಂದರೆ ಮೊದಲು ಮೂತಿ ನೋಡುತ್ತಾರೆ. ಅಗಲ ಮೂತಿ, ಸಿಹಿನೀರಿನ ವಾಸ, ಇದು ಮಗ್ಗರ್ ಜಾತಿ ಎಂದು ಬರೆದುಕೊಳ್ಳುತ್ತಾರೆ. ಅಂಗರಚನೆ ಓದಿದವರ ಆಸಕ್ತಿ ಅದರ ಹೃದಯದಲ್ಲಿ. ಹಲ್ಲಿಗೆ, ಹಾವಿಗೆ ಹೃದಯದಲ್ಲಿ ಮೂರು ಕೋಣೆ, ಮೊಸಳೆಗೆ ನಮ್ಮ ಹಾಗೆ ನಾಲ್ಕು. ಆದರೆ ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳ ನಡುವೆ ಅದಕ್ಕೆ ಒಂದು ಸಣ್ಣ ಕಿಂಡಿ ಇದೆ. ನೀರಿನಡಿ ಉಸಿರು ಹಿಡಿದು ಕೂತಾಗ ರಕ್ತದ ದಾರಿ ಬದಲಾಗುವುದಕ್ಕೂ ಈ ಏರ್ಪಾಡಿಗೂ ಸಂಬಂಧ ಇದೆ. ಇಟಲಿಯ ಪಾನಿಝ್ಝಾ ಅದನ್ನು 1833ರಲ್ಲಿ ವಿವರಿಸಿದ.

ಶರೀರಕ್ರಿಯೆಯವರ ಪ್ರಶ್ನೆ ಊಟದ್ದು. ಬಬಿಯಾ ನೈವೇದ್ಯ ಮಾತ್ರ ತಿನ್ನುತ್ತಿತ್ತು ಎಂದು ಭಕ್ತರ ನಂಬಿಕೆ. ನಂಬಿಕೆಯ ಜೊತೆ ಜಗಳಕ್ಕೆ ನಾನಿಲ್ಲ. ಮೊಸಳೆ ತನ್ನ ಮೈ ಬಿಸಿ ಮಾಡಿಕೊಳ್ಳಲು ಊಟವನ್ನು ಉರಿಸುವುದಿಲ್ಲ, ಬಿಸಿಲು ಕಾಯಿಸುತ್ತದೆ. ಅದಕ್ಕೇ ಅದೇ ತೂಕದ ನಾಯಿಗೋ ಹುಲಿಗೋ ಬೇಕಾದ ಆಹಾರದ ಸಣ್ಣ ಪಾಲು ಸಾಕು. ಕೆರೆಯಲ್ಲಿ ಮೀನುಗಳೂ ಇರುತ್ತವಲ್ಲ, ಯಾರು ಲೆಕ್ಕ ಇಟ್ಟಿದ್ದಾರೆ?

ಭ್ರೂಣಶಾಸ್ತ್ರದವರು ಮೊಟ್ಟೆಗೆ ಕೈ ಹಾಕುತ್ತಾರೆ. ಮಗ್ಗರ್ ಮರಿ ಗಂಡೋ ಹೆಣ್ಣೋ ಎಂಬುದು ಗೂಡಿನ ಬಿಸಿಯ ಮೇಲೆ ನಿಂತಿದೆ. 32 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಗಂಡು ಜಾಸ್ತಿ, ಅದಕ್ಕಿಂತ ತಂಪಾದರೆ ಹೆಣ್ಣು. ಇದನ್ನು ತಿಳಿಯಲು ಚೆನ್ನೈ ಹತ್ತಿರದ ಮೊಸಳೆ ಪಾಲನಾ ಕೇಂದ್ರದಲ್ಲಿ ನಡೆದ ಕೆಲಸ ಬಹಳ ನೆರವಾಯಿತು. ಅದೇ ಕೇಂದ್ರದ ಮೊಸಳೆಗಳು ಮೂತಿಯ ಮೇಲೆ ಕಡ್ಡಿ ಇಟ್ಟುಕೊಂಡು, ಗೂಡಿಗೆ ಕಡ್ಡಿ ಹುಡುಕಿ ಬರುವ ಹಕ್ಕಿಗಳಿಗೆ ಹೊಂಚು ಹಾಕುತ್ತವೆ ಎಂದು 2013ರಲ್ಲಿ ಒಂದು ವರದಿ ಬಂತು. ಅದು ನಡವಳಿಕೆ ಅಧ್ಯಯನದವರ ಪಾಲು. ಎಲ್ಲರೂ ಅದನ್ನು ಒಪ್ಪಿಲ್ಲ, ವಾದ ನಡೆಯುತ್ತಿದೆ. ಕಡ್ಡಿ ಸುಮ್ನೆ ತೇಲಿ ಬಂದು ಮೂತಿಗೆ ಸಿಕ್ಕಿಕೊಂಡಿರಬಹುದು ಅಲ್ವಾ ಎಂದು ಕೇಳುವವರೂ ಇದ್ದಾರೆ.

ಪ್ರಾಣಿ ಒಂದೇ, ಶಾಖೆ ನಾಲ್ಕೈದು. ನಿಮ್ಮ ಮಗಳು ತನ್ನ ಪಟ್ಟಿಯನ್ನು ಹೀಗೆ ಒಂದೇ ಪ್ರಾಣಿಯ ಮೇಲೆ ಇಟ್ಟು ನೋಡಿದರೆ ಅರ್ಧ ಬಾಯಿಪಾಠ ತಪ್ಪುತ್ತದೆ.

ಈಗ ಯಾರು ತುಂಡು ಮಾಡಿದರು ಎಂಬ ಮಾತು. ಯಾರೂ ಕೂತು ಯೋಜನೆ ಹಾಕಿ ಮಾಡಿದ್ದಲ್ಲ. ಯಾರಿಗೋ ಒಂದು ಹೊಸ ಪ್ರಶ್ನೆ ಬಂತು, ಯಾರ ಕೈಗೋ ಒಂದು ಹೊಸ ಸಾಧನ ಸಿಕ್ಕಿತು, ಎಲ್ಲೋ ಒಂದು ರೋಗವೋ ಬೆಳೆಯ ಪೀಡೆಯೋ ಬಂತು. ಅಲ್ಲಲ್ಲಿ ಕವಲು ಒಡೆಯಿತು. ಅದಕ್ಕೇ ಈ ಶಾಖೆಗಳ ಗಡಿಗಳು ನೇರವಾಗಿಲ್ಲ.

ಅರಿಸ್ಟಾಟಲ್‌ನಿಂದಲೇ ಹೊರಡೋಣ. ಕ್ರಿ.ಪೂ. 384ರಲ್ಲಿ ಹುಟ್ಟಿ 322ರಲ್ಲಿ ತೀರಿಕೊಂಡವನು. ಮೂವತ್ತರ ಕೊನೆಯಲ್ಲಿ ಒಂದೆರಡು ವರ್ಷ ಲೆಸ್ಬೋಸ್ ಎಂಬ ದ್ವೀಪದಲ್ಲಿದ್ದ. ಅಲ್ಲಿ ಕಡಲು ಒಳನುಗ್ಗಿ ಆದ ದೊಡ್ಡ ಹಿನ್ನೀರಿದೆ. ಅದರ ದಂಡೆಯ ಬೆಸ್ತರ ಹತ್ತಿರ ಕೇಳಿ, ತಾನೂ ಕೊಯ್ದು ನೋಡಿ ಬರೆದದ್ದು ಬಹಳ. ಅವನ ಪುಸ್ತಕಗಳಲ್ಲಿ ಸುಮಾರು 500 ಬಗೆಯ ಪ್ರಾಣಿಗಳು ಬರುತ್ತವೆ. ತತ್ವಜ್ಞಾನಿ ಎಂದರೆ ಕುರ್ಚಿಯಲ್ಲಿ ಕೂತು ಯೋಚಿಸುವವನು ಎಂಬ ಕಲ್ಪನೆ ನಮಗಿದೆ. ಇವನು ಮೀನಿನ ಕರುಳಿಗೆ ಕೈ ಹಾಕಿದವನು.

ಕೋಳಿ ಕಾವಿಗೆ ಕೂತ ಮೊಟ್ಟೆಗಳನ್ನು ದಿನಕ್ಕೊಂದರಂತೆ ಒಡೆದು ನೋಡುವ ಕ್ರಮ ಅವನ ಬರಹದಲ್ಲಿದೆ. ಮೂರು ದಿನ ಕಳೆದ ಮೇಲೆ ರಕ್ತದ ಚುಕ್ಕೆಯಂತೆ ಹೃದಯ ಕಾಣುತ್ತದೆ, ಅದು ಮಿಡಿಯುತ್ತದೆ ಎಂದು ಬರೆದಿದ್ದಾನೆ. ಭ್ರೂಣಶಾಸ್ತ್ರದ ಬೇರು ಅಲ್ಲಿದೆ. ಡಾಲ್ಫಿನ್ ನೀರಲ್ಲಿದ್ದರೂ ಗಾಳಿ ಉಸಿರಾಡುತ್ತದೆ, ಮರಿ ಹಾಕಿ ಹಾಲು ಕೊಡುತ್ತದೆ ಎಂದು ಗಮನಿಸಿ ಅದನ್ನು ಮೀನುಗಳಿಂದ ಬೇರೆ ಇಟ್ಟ. ಎರಡು ಸಾವಿರ ವರ್ಷ ಕಳೆದ ಮೇಲೂ ಜೀವಿಗಳಿಗೆ ಹೆಸರಿಟ್ಟು ವಿಂಗಡಿಸಿದ ಲಿನೇಯಸ್ 1735ರಲ್ಲಿ ತಿಮಿಂಗಿಲವನ್ನು ಮೀನಿನ ಗುಂಪಿಗೇ ಹಾಕಿದ್ದ. 1758ರಲ್ಲಷ್ಟೇ ತಿದ್ದಿಕೊಂಡ.

ನನಗೆ ತುಂಬ ಇಷ್ಟವಾದ ಸಂಗತಿ ಶಾರ್ಕಿನದ್ದು. ನಮ್ಮ ಕಡಲಿನವರು ತಾಟೆ ಎನ್ನುತ್ತಾರಲ್ಲ, ಆ ಬಳಗದ ಒಂದು ನುಣುಪು ಮೈಯ ಜಾತಿಯಲ್ಲಿ ಮರಿ ತಾಯಿಯ ಹೊಟ್ಟೆಯೊಳಗೆ ಹೊಕ್ಕುಳ ಬಳ್ಳಿಯಿಂದ ಅಂಟಿಕೊಂಡು ಬೆಳೆಯುತ್ತದೆ ಎಂದು ಅರಿಸ್ಟಾಟಲ್ ಬರೆದಿದ್ದ. ಮೀನಿಗೆ ಹೊಕ್ಕುಳ ಬಳ್ಳಿಯೇ ಎಂದು ಮುಂದೆ ಹೆಚ್ಚಿನವರು ನಂಬಲಿಲ್ಲ. 1842ರಲ್ಲಿ ಜರ್ಮನಿಯ ಯೋಹಾನೆಸ್ ಮ್ಯೂಲರ್ ಕೊಯ್ದು ನೋಡಿದ್ದನ್ನು ಪ್ರಕಟಿಸಿದ. ಹಳೆಯವನ ಮಾತು ಸರಿಯಾಗಿತ್ತು.

ಹಾಗೆಂದು ಅವನು ಬರೆದದ್ದೆಲ್ಲ ಸರಿಯಲ್ಲ. ಹೆಂಗಸರಿಗೆ ಗಂಡಸರಿಗಿಂತ ಹಲ್ಲು ಕಡಿಮೆ ಎಂದ. ಮನೆಯವರ ಬಾಯಿ ತೆರೆಸಿ ಎಣಿಸಿದ್ದರೆ ಮುಗಿದು ಹೋಗುತ್ತಿತ್ತು! ಮೊಸಳೆ ಮೇಲಿನ ದವಡೆಯನ್ನು ಅಲ್ಲಾಡಿಸುತ್ತದೆ, ಕೆಳಗಿನದನ್ನಲ್ಲ ಎಂದ. ಇದು ಅವನಿಗಿಂತ ಹಿಂದಿನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದ ತಪ್ಪು. ನೆಲಕ್ಕೆ ಗಲ್ಲ ಊರಿ ಮಲಗಿದ ಮೊಸಳೆ ಬಾಯಿ ತೆರೆಯಬೇಕಾದರೆ ಇಡೀ ತಲೆಯನ್ನೇ ಎತ್ತುತ್ತದೆ. ದೂರದಿಂದ ನೋಡಿದರೆ ಮೇಲ್ದವಡೆ ಎದ್ದ ಹಾಗೇ ಕಾಣುವುದು.

ಅವನಿಗೆ ಪಿತಾಮಹ ಪಟ್ಟ ಯಾಕೆ ಎಂದರೆ, ಅವನು ಪ್ರಾಣಿಗಳನ್ನು ಉಪಯೋಗ ಬಿಟ್ಟು ನೋಡಿದ. ತಿನ್ನಲು ಆಗುತ್ತದಾ, ಔಷಧಿಗೆ ಬರುತ್ತದಾ ಎಂದು ಕೇಳಲಿಲ್ಲ. ಈ ಅಂಗ ಯಾಕೆ ಹೀಗಿದೆ, ಆ ಪ್ರಾಣಿಯಲ್ಲಿ ಯಾಕೆ ಹಾಗಿಲ್ಲ ಎಂದು ಹೋಲಿಸಿ ಕೇಳಿದ. ಕೆಂಪು ರಕ್ತ ಇರುವವು, ಇಲ್ಲದವು ಎಂದು ಎರಡು ಪಾಲು ಮಾಡಿದ. ಅದು ಇಂದಿನ ಬೆನ್ನೆಲುಬು ಇರುವ, ಇಲ್ಲದ ಪ್ರಾಣಿಗಳ ಪಾಲಿಗೆ ಹೆಚ್ಚುಕಡಿಮೆ ಸರಿಹೊಂದುತ್ತದೆ.

ನಮ್ಮ ದೇಶದ ವಿಷಯಕ್ಕೆ ಬಂದರೆ ಎರಡು ಬಗೆಯ ಉತ್ಪ್ರೇಕ್ಷೆ ಕೇಳುತ್ತೇವೆ. ಎಲ್ಲವೂ ನಮ್ಮಲ್ಲೇ ಮೊದಲು ಇತ್ತು ಎನ್ನುವವರು ಒಂದು ಕಡೆ, ಏನೂ ಇರಲಿಲ್ಲ ಎನ್ನುವವರು ಇನ್ನೊಂದು ಕಡೆ. ಇದ್ದದ್ದು ಬಹಳ, ಆದರೆ ಬೇರೆ ಉದ್ದೇಶಕ್ಕೆ. ಆನೆ ವೈದ್ಯಕ್ಕೆ ಪಾಲಕಾಪ್ಯನ ಹೆಸರಿನ ಹಸ್ತ್ಯಾಯುರ್ವೇದ, ಕುದುರೆಗೆ ಶಾಲಿಹೋತ್ರನ ಪರಂಪರೆ. ರಾಜನಿಗೆ ಸೈನ್ಯ ಬೇಕು, ಸೈನ್ಯಕ್ಕೆ ಆನೆ ಕುದುರೆ ಬೇಕು, ಅವುಗಳ ರೋಗ ಗೊತ್ತಿರಬೇಕು. ಚರಕ ಸಂಹಿತೆ ಪ್ರಾಣಿಗಳನ್ನು ಎಂಟು ಗುಂಪು ಮಾಡುತ್ತದೆ. ಬಿಲದಲ್ಲಿ ಇರುವವು, ಜೌಗಿನಲ್ಲಿ ಇರುವವು, ನೀರೊಳಗೆ ಇರುವವು, ಕೆದಕಿ ತಿನ್ನುವ ಹಕ್ಕಿಗಳು, ಕುಟುಕಿ ತಿನ್ನುವ ಹಕ್ಕಿಗಳು, ಹೀಗೆ. ನೀರೊಳಗಿನ ಗುಂಪಿನಲ್ಲಿ ಆಮೆ, ಏಡಿ, ಮೀನು, ಶಂಖ, ಮೊಸಳೆ ಎಲ್ಲ ಒಟ್ಟಿಗೆ. ಮೈಯ ರಚನೆ ನೋಡಿದರೆ ಇದು ಕಲಸುಮೇಲೋಗರ. ಆದರೆ ವೈದ್ಯನಿಗೆ ಬೇಕಾದದ್ದು ಯಾವ ಮಾಂಸ ಯಾವ ರೋಗಿಗೆ ಒಗ್ಗುತ್ತದೆ ಎಂಬುದು. ಆ ಲೆಕ್ಕಕ್ಕೆ ವಾಸವೂ ಆಹಾರವೂ ಮುಖ್ಯ. ಇಂದಿಗೂ ನಮ್ಮ ಕಡೆ ಬೂತಾಯಿ, ಬಂಗುಡೆ, ಸಿಗಡಿ, ಏಡಿ ಎಲ್ಲವೂ ಮೀನು ಮಾರ್ಕೆಟಿನಲ್ಲೇ ಸಿಗುವುದು ತಾನೆ?

ಉಪಯೋಗವನ್ನು ಬಿಟ್ಟ ಒಂದು ವಿಂಗಡಣೆ ಜೈನರಲ್ಲಿದೆ. ಉಮಾಸ್ವಾತಿಯ ತತ್ತ್ವಾರ್ಥ ಸೂತ್ರ ಜೀವಿಗಳನ್ನು ಇಂದ್ರಿಯಗಳ ಎಣಿಕೆಯ ಮೇಲೆ ಜೋಡಿಸುತ್ತದೆ. ಹುಳಕ್ಕೆ ಮುಟ್ಟುವ ಅರಿವು ಮತ್ತು ರುಚಿ, ಇರುವೆಗೆ ಅದರ ಮೇಲೆ ವಾಸನೆ, ದುಂಬಿಗೆ ನೋಟವೂ ಸೇರಿ ನಾಲ್ಕು, ಮನುಷ್ಯನಿಗೆ ಕಿವಿಯೂ ಸೇರಿ ಐದು. ಇರುವೆಗೂ ಕಣ್ಣಿದೆ ಎಂದು ಈಗ ನಾವು ಹೇಳಬಹುದು. ಆದರೂ ಜೀವಿಯ ಒಳಗಿನ ಒಂದು ಗುಣವನ್ನೇ ಅಳತೆಗೋಲು ಮಾಡಿಕೊಂಡದ್ದು ದೊಡ್ಡ ಯೋಚನೆ ಎಂದೇ ನನ್ನ ಅಭಿಪ್ರಾಯ. ನಿಮಗೆ ದೂರವಿಲ್ಲದ ಬಂಗ್ರಮಂಜೇಶ್ವರದಲ್ಲಿ ಬಸದಿ ಇದೆಯಲ್ಲ, ಆ ಪರಂಪರೆಯದ್ದೇ ಇದು. ಇನ್ನು 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಮೀನಿಗೇ ಒಂದು ಭಾಗ ಕೊಟ್ಟಿದ್ದಾನೆ. ಕಡಲಿನ ಮೀನು ಯಾವುದು, ಹೊಳೆಯದ್ದು ಯಾವುದು, ಯಾವುದಕ್ಕೆ ಏನು ತಿನ್ನಿಸಬೇಕು, ಗಾಳ ಹೇಗೆ ಹಾಕಬೇಕು, ಎಲ್ಲ ಇದೆ. ರಾಜನ ಮೋಜಿಗೆ ಬರೆದದ್ದು, ಆದರೆ ಮೀನುಗಾರರನ್ನು ಕೇಳದೆ ಅಷ್ಟು ವಿವರ ಬರುವುದಿಲ್ಲ.

ನಮ್ಮಲ್ಲಿ ಕಡಿಮೆಯಾದದ್ದು ಗಮನಿಸುವ ಕಣ್ಣಲ್ಲ. ಒಬ್ಬ ಬರೆದದ್ದನ್ನು ಇನ್ನೊಬ್ಬ ಪ್ರಾಣಿ ಕೊಯ್ದು ಪರೀಕ್ಷಿಸಿ ತಿದ್ದುವ ಸರಣಿ ಬೆಳೆಯಲಿಲ್ಲ. ಯುರೋಪಿನಲ್ಲೂ ಅದು ತಡವಾಗಿಯೇ ಬಂತು. ರೋಮಿನ ಪ್ಲಿನಿ 37 ಭಾಗಗಳ ದೊಡ್ಡ ಗ್ರಂಥ ಬರೆದ, ಕಂಡದ್ದು ಕೇಳಿದ್ದು ಎರಡನ್ನೂ ಸೇರಿಸಿ ತುಂಬಿದ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಸಮಯದಲ್ಲಿ ಸತ್ತ. ಮುಂದೆ ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಅಲ್ಲಿ ಅದನ್ನೇ ಓದುತ್ತಿದ್ದರು. ಅರಬ್ ನಾಡಿನಲ್ಲಿ 9ನೇ ಶತಮಾನದ ಅಲ್-ಜಾಹಿಝ್ ಪ್ರಾಣಿಗಳ ಬಗ್ಗೆ ಹಲವು ಸಂಪುಟ ಬರೆದದ್ದನ್ನು ನಮ್ಮ ಪಠ್ಯಗಳು ಯಾಕೋ ಬಿಟ್ಟುಬಿಡುತ್ತವೆ.

ಕೇಳಿದ್ದನ್ನು ಬರೆಯುವ ಅಭ್ಯಾಸ ಎಷ್ಟು ಗಟ್ಟಿ ಎಂಬುದಕ್ಕೆ ನಮ್ಮದೇ ಅರಬ್ಬಿ ಕಡಲಿನ ಒಂದು ಕಥೆ ಇದೆ. ಗುಜರಾತಿನ ಸುಲ್ತಾನ ಎರಡನೇ ಮುಝಫ್ಫರ್ ಷಾ ಒಂದು ಘೇಂಡಾಮೃಗವನ್ನು ಪೋರ್ಚುಗೀಸರಿಗೆ ಕೊಟ್ಟ. 1515ರ ಜನವರಿಯಲ್ಲಿ ಅದನ್ನು ಗೋವೆಯಿಂದ ಹಡಗು ಹತ್ತಿಸಿದರು, ಮೇ ತಿಂಗಳಲ್ಲಿ ಲಿಸ್ಬನ್ ಮುಟ್ಟಿತು. ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ಅದನ್ನು ಕಣ್ಣಾರೆ ನೋಡಲೇ ಇಲ್ಲ. ಯಾರೋ ಕಳಿಸಿದ ಕಾಗದ ಮತ್ತು ಒಂದು ರೇಖಾಚಿತ್ರ ನೋಡಿ ಮರದ ಅಚ್ಚು ಕೊರೆದ. ಮೈಗೆ ಕವಚದಂಥ ಹಲಗೆಗಳು, ಭುಜದ ಮೇಲೆ ಇಲ್ಲದ ಒಂದು ಸಣ್ಣ ಕೊಂಬು. ಘೇಂಡಾಮೃಗ ಮರುವರ್ಷ ಪೋಪನಿಗೆ ಉಡುಗೊರೆಯಾಗಿ ಹೋಗುವಾಗ ಇಟಲಿಯ ತೀರದಲ್ಲಿ ಹಡಗಿನ ಜೊತೆ ಮುಳುಗಿತು. ಚಿತ್ರ ಮಾತ್ರ ಮುಳುಗಲಿಲ್ಲ. ಸ್ವಿಟ್ಜರ್ಲೆಂಡಿನ ಕೊನ್ರಾಡ್ ಗೆಸ್ನರ್ 1551ರಿಂದ ಹೊರತಂದ ಪ್ರಾಣಿಗಳ ಮಹಾಗ್ರಂಥದಲ್ಲೂ ಅದೇ ಚಿತ್ರ. ಇಲ್ಲದ ಕೊಂಬು 18ನೇ ಶತಮಾನದವರೆಗೂ ಪುಸ್ತಕದಿಂದ ಪುಸ್ತಕಕ್ಕೆ ಹೋಯಿತು.

17ನೇ ಶತಮಾನದಲ್ಲಿ ಗಾಳಿ ಬದಲಾಯಿತು. ಇಂಗ್ಲೆಂಡಿನ ವೈದ್ಯ ಹಾರ್ವೆ 1628ರಲ್ಲಿ ರಕ್ತ ಮೈಯೊಳಗೆ ಸುತ್ತುತ್ತದೆ ಎಂದು ತೋರಿಸಿದ. ಅಪಧಮನಿಯಿಂದ ಅಭಿಧಮನಿಗೆ ಅದು ದಾಟುವ ಜಾಗ ಅವನ ಕಣ್ಣಿಗೆ ಸಿಗಲಿಲ್ಲ. 1661ರಲ್ಲಿ ಇಟಲಿಯ ಮಾಲ್ಪೀಗಿ ಸೂಕ್ಷ್ಮದರ್ಶಕ ಹಿಡಿದು ಕಪ್ಪೆಯ ಶ್ವಾಸಕೋಶದಲ್ಲಿ ಆ ಕೂದಲೆಳೆ ನಾಳಗಳನ್ನು ಕಂಡ. ಅಂಗಾಂಶಶಾಸ್ತ್ರ ಹೀಗೆ ಮಸೂರದ ಹಿಂದೆ ಹುಟ್ಟಿತು. 1668ರಲ್ಲಿ ಇಟಲಿಯ ರೆಡಿ ಎಂಬವನು ಮಾಂಸದ ಜಾಡಿಗಳಿಗೆ ಬಟ್ಟೆ ಕಟ್ಟಿ, ನೊಣ ಕೂರದಿದ್ದರೆ ಹುಳ ಆಗುವುದಿಲ್ಲ ಎಂದು ತೋರಿಸಿದ. ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1670ರ ದಶಕದಲ್ಲಿ ನೀರಿನ ಹನಿಯಲ್ಲಿ ಓಡಾಡುವ ಜೀವಿಗಳನ್ನು ಕಂಡ.

ಇಷ್ಟೆಲ್ಲ ಸೇರುತ್ತಾ ಹೋದಾಗ ಹೆಸರಿನ ಗೊಂದಲ ಶುರುವಾಯಿತು. ಅದಕ್ಕೆ ಕ್ರಮ ಕೊಟ್ಟವನು ಸ್ವೀಡನ್ನಿನ ಲಿನೇಯಸ್. 1735ರಲ್ಲಿ ಅವನ ಪುಸ್ತಕ ಹತ್ತು ಹನ್ನೆರಡು ದೊಡ್ಡ ಪುಟಗಳಷ್ಟೇ ಇತ್ತು. 1758ರ ಹತ್ತನೇ ಆವೃತ್ತಿಯಲ್ಲಿ ಸುಮಾರು 4,400 ಪ್ರಾಣಿಗಳು ಸೇರಿದವು, ಎಲ್ಲಕ್ಕೂ ಎರಡೆರಡು ಪದದ ಹೆಸರು. ಪ್ರಾಣಿಗಳ ವೈಜ್ಞಾನಿಕ ಹೆಸರಿನ ಲೆಕ್ಕ ಇಂದಿಗೂ ಆ ವರ್ಷದಿಂದಲೇ ಶುರು. ಅವನ ಗುಂಪುಗಳು ಆರು: ಸಸ್ತನಿ, ಹಕ್ಕಿ, ಉಭಯಚರ, ಮೀನು, ಕೀಟ, ಹುಳು. ಉಭಯಚರದಲ್ಲಿ ಕಪ್ಪೆಯೂ ಇತ್ತು, ಹಾವು, ಆಮೆ, ಮೊಸಳೆಯೂ ಇದ್ದವು. ಶಾರ್ಕನ್ನೂ ಅಲ್ಲಿಗೇ ತಳ್ಳಿದ್ದ! ಕೀಟದಲ್ಲಿ ಜೇಡವೂ ಏಡಿಯೂ ಸೇರಿದ್ದವು. ಹುಳು ಎಂಬುದಂತೂ ಬೇರೆಲ್ಲೂ ಕೂರದವುಗಳ ಮೂಲೆ.

ನಿಮ್ಮ ಮಗಳ ಪಟ್ಟಿಯಲ್ಲಿ ಹಾವು ಮತ್ತು ಕಪ್ಪೆ ಒಂದೇ ಶಾಖೆಯಲ್ಲಿ ಇರುವುದು ಈ ಹಳೆಯ ರೂಢಿಯಿಂದಲೇ. ವಂಶದ ಲೆಕ್ಕ ನೋಡಿದರೆ ಬದುಕಿರುವ ಪ್ರಾಣಿಗಳಲ್ಲಿ ಮೊಸಳೆಗೆ ಹತ್ತಿರದ ನೆಂಟ ಹಕ್ಕಿ. ಅನಂತಪುರದ ಮೊಸಳೆ ಅಲ್ಲಿನ ಗೋಡೆಯ ಹಲ್ಲಿಗಿಂತ ಮರದ ಮೇಲಿನ ಕಾಗೆಗೆ ಹತ್ತಿರ. ಆದರೂ ಕಾಗೆ ಪಕ್ಷಿಶಾಸ್ತ್ರಕ್ಕೆ ಹೋಗುತ್ತದೆ, ಮೊಸಳೆ ಹಲ್ಲಿಯ ಜೊತೆ ಉಳಿಯುತ್ತದೆ. ಶಾಖೆ ಎಂದರೆ ಮನುಷ್ಯರ ಕೆಲಸದ ಹಂಚಿಕೆ. ಪ್ರಾಣಿಗಳ ವಂಶಾವಳಿ ಬೇರೆಯೇ.

ಆ ‘ಹುಳು’ ಮೂಲೆಯನ್ನು ಗುಡಿಸಿದವನು ಲಾಮಾರ್ಕ್. ಐವತ್ತರ ಹತ್ತಿರದ ಸಸ್ಯಶಾಸ್ತ್ರಜ್ಞ. 1793ರಲ್ಲಿ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿ ಕೀಟ ಮತ್ತು ಹುಳುಗಳ ಜವಾಬ್ದಾರಿ ಅವನ ತಲೆಗೆ ಬಿತ್ತು. ಅವನು ಅದನ್ನೇ ಶ್ರದ್ಧೆಯಿಂದ ಮಾಡಿ ಅಕಶೇರುಕ, ಅಂದರೆ ಬೆನ್ನೆಲುಬಿಲ್ಲದವು, ಎಂಬ ವಿಭಾಗವನ್ನೇ ಕಟ್ಟಿದ, ಏಡಿ ಸಿಗಡಿಗಳನ್ನೂ ಜೇಡಗಳನ್ನೂ ಕೀಟಗಳಿಂದ ಬೇರೆ ಮಾಡಿದ. ಅದೇ ಸಂಸ್ಥೆಯ ಕುವ್ಯೇ 1796ರಲ್ಲಿ ನಮ್ಮ ಆನೆ, ಆಫ್ರಿಕಾದ ಆನೆ, ನೆಲದಡಿ ಸಿಕ್ಕ, ಆನೆಯ ಬಳಗದ ಮ್ಯಾಮತ್‌ನ ಮೂಳೆ, ಮೂರನ್ನೂ ಹೋಲಿಸಿ ಇವು ಬೇರೆ ಬೇರೆ ಜಾತಿ ಎಂದ. ಮ್ಯಾಮತ್ ಈಗ ಎಲ್ಲೂ ಇಲ್ಲ, ಅಳಿದು ಹೋಗಿದೆ ಎಂದೂ ಹೇಳಿದ. ಆಮೇಲಿನ ಕವಲುಗಳು ಬೇಗ ಬೇಗ ಒಡೆದವು. 1827ರಲ್ಲಿ ಫಾನ್ ಬೇರ್ ನಾಯಿಯ ಅಂಡಾಣುವನ್ನು ಕಂಡ, 1859ರಲ್ಲಿ ಡಾರ್ವಿನ್ ಎಲ್ಲ ಶಾಖೆಗಳಿಗೂ ಒಂದು ಬೇರು ತೋರಿಸಿದ, 1866ರಲ್ಲಿ ಹೇಕಲ್ ಪರಿಸರಶಾಸ್ತ್ರಕ್ಕೆ ಹೆಸರಿಟ್ಟ. 1897ರಲ್ಲಿ ಸಿಕಂದರಾಬಾದಿನಲ್ಲಿ ಡಾಕ್ಟರ್ ರೊನಾಲ್ಡ್ ರೋಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡ ಮೇಲೆ ಸೊಳ್ಳೆ ಓದುವವರಿಗೂ ಸಂಬಳ ಸಿಗತೊಡಗಿತು.

ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆ ಪ್ರಾಂತ್ಯದ ಪ್ರಾಣಿಗಳನ್ನು ದಾಖಲಿಸಿದವರಲ್ಲಿ ಡಾಕ್ಟರುಗಳೇ ಜಾಸ್ತಿ. ಪ್ಯಾಟ್ರಿಕ್ ರಸೆಲ್ 1796ರಲ್ಲಿ ಹಾವುಗಳ ಪುಸ್ತಕ ತಂದ. ನಮ್ಮ ತೋಟದಲ್ಲಿ ಹೆದರಿಸುವ ಕೊಳಕು ಮಂಡಲಕ್ಕೆ ಇಂಗ್ಲಿಷಿನಲ್ಲಿ ಅವನದೇ ಹೆಸರು. 1803ರ ಅವನ ಮೀನಿನ ಪುಸ್ತಕದಲ್ಲಿ ವಿಶಾಖಪಟ್ಟಣದ ಬೆಸ್ತರು ಬಂಗುಡೆಗೆ ಹೇಳುತ್ತಿದ್ದ ಕಾನಗುರ್ತ ಎಂಬ ಹೆಸರಿತ್ತು. ಕುವ್ಯೇ ಅದನ್ನೇ ಎತ್ತಿ ವೈಜ್ಞಾನಿಕ ಹೆಸರಿಗೆ ಸೇರಿಸಿದ. ಫ್ರಾನ್ಸಿಸ್ ಡೇ 1865ರಲ್ಲಿ ಮಲಬಾರಿನ ಮೀನುಗಳ ಬಗ್ಗೆ ಬರೆದ. 1916ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಶುರುವಾಯಿತು. ಅದೇ 1916ರಲ್ಲಿ ನಮ್ಮ ಕಾಸರಗೋಡಿನಲ್ಲಿ ತೆಂಗು ಸಂಶೋಧನಾ ಕೇಂದ್ರವೂ ಆಯಿತು. ಇಂದು ನಾವು ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಎನ್ನುವುದು ಅದನ್ನೇ.

ಆ ಸಂಸ್ಥೆಯ ಕೆಲಸ ನೋಡಿದರೆ ಶಾಖೆಗಳು ಹೇಗೆ ಕೂಡುತ್ತವೆ ಎಂದು ಕೃಷಿಕರಾದ ನಿಮಗೆ ಬೇಗ ಗೊತ್ತಾಗುತ್ತದೆ. ತೆಂಗಿನ ಸುಳಿ ಕೊರೆಯುವ ಕುರುವಾಯಿಯನ್ನು ತೆಗೆದುಕೊಳ್ಳಿ. ಅದಕ್ಕೆ ಹೆಸರು ಕೊಟ್ಟದ್ದು 1758ರ ಲಿನೇಯಸ್. ಅದರ ಮರಿಹುಳ ಹಟ್ಟಿಗೊಬ್ಬರದ ಗುಂಡಿಯಲ್ಲಿ ಬೆಳೆಯುತ್ತದೆ ಎಂಬುದು ಜೀವನಚಕ್ರ ಓದಿದವರ ಕೊಡುಗೆ. ಆ ಹುಳಕ್ಕೆ ರೋಗ ತರುವ ವೈರಸ್ಸನ್ನೂ ಹಸಿರು ಶಿಲೀಂಧ್ರವನ್ನೂ ಗುಂಡಿಗೆ ಬಿಡುವುದು ರೋಗಶಾಸ್ತ್ರದವರ ಉಪಾಯ. ಗಂಡು ದುಂಬಿ ಬಿಡುವ ವಾಸನೆಯನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಬಕೆಟ್ ಬಲೆಗೆ ತೂಗುಹಾಕಿದ್ದು ರಸಾಯನ ಮತ್ತು ನಡವಳಿಕೆ ಎರಡನ್ನೂ ಓದಿದವರು.

ಕೊನೆಯ ಪ್ರಶ್ನೆಗೆ ಬರುತ್ತೇನೆ. ಪದವಿಯ ಮೊದಲ ವರ್ಷದಲ್ಲೇ ಶಾಖೆ ಹಿಡಿಯುವುದು ಬೇಡ. ಈಗ ಅವಳಿಗೆ ಬೇಕಾದದ್ದು ವರ್ಗೀಕರಣದ ಗಟ್ಟಿ ಅಡಿಪಾಯ, ಸ್ವಲ್ಪ ರಸಾಯನ, ಸ್ವಲ್ಪ ಸಂಖ್ಯಾಶಾಸ್ತ್ರ. ಸಂಖ್ಯಾಶಾಸ್ತ್ರವನ್ನು ನಮ್ಮ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ, ಎಂಎಸ್‌ಸಿಗೆ ಹೋದ ಮೇಲೆ ಒದ್ದಾಡುತ್ತಾರೆ. ಕನ್ನಡದಲ್ಲಿ ಓದಿ ಬಂದವಳಾದರೆ ಲ್ಯಾಟಿನ್ ಹೆಸರುಗಳಿಗೆ ಹೆದರುವುದು ಬೇಡ, ಅವು ಇಂಗ್ಲಿಷ್ ಓದಿದವರಿಗೂ ಅಷ್ಟೇ ಹೊಸದು. ರಜೆಯಲ್ಲಿ ನಿಮ್ಮ ತೋಟದ ಹುಳುಗಳನ್ನು ತಿಂಗಳಿಗೊಮ್ಮೆ ದಿನಾಂಕ ಹಾಕಿ, ಫೋಟೋ ತೆಗೆದು ದಾಖಲಿಸಲಿ. ಚಂದ್ರಗಿರಿ ಹೊಳೆಯ ಭಾರೀ ಮೆದುಚಿಪ್ಪಿನ ಆಮೆಯ ಗೂಡುಗಳನ್ನು ಸಂಶೋಧಕರು ಹುಡುಕಿದ್ದೂ ಹೊಳೆ ಬದಿಯ ಜನ ಕೊಟ್ಟ ಸುದ್ದಿ ಹಿಡಿದೇ. ಆ ಆಮೆ ಈಗ ಕಾಸರಗೋಡು ಜಿಲ್ಲೆಯ ಅಧಿಕೃತ ಪ್ರಾಣಿ.

ಪದವಿ ಮುಗಿದ ಮೇಲೆ ಹತ್ತಿರದಲ್ಲೇ ದಾರಿಗಳಿವೆ. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ವಿಭಾಗ ಇದೆ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಪ್ರಾಣಿಶಾಸ್ತ್ರ ಇದೆ. ಕೆಲಸ ಬೇಗ ಸಿಗಬೇಕು ಎಂದಾದರೆ ಕೃಷಿಗೆ ಸೇರಿದ ಕೀಟಶಾಸ್ತ್ರ ಅಥವಾ ಮೀನುಗಾರಿಕೆ ಕಡೆ ವಾಲಲಿ. ಹಕ್ಕಿ, ಹಾವು ಇಷ್ಟ ಎಂದು ಹೊರಟರೆ ಬೇಡ ಎನ್ನಬೇಡಿ. ಆದರೆ ಅಲ್ಲಿ ಹುದ್ದೆಗಳು ಕಡಿಮೆ, ಪಿಎಚ್‌ಡಿ ಮುಗಿಯುವವರೆಗೂ ಯೋಜನೆಯಿಂದ ಯೋಜನೆಗೆ ದುಡಿಯಬೇಕಾಗುತ್ತದೆ ಎಂದು ಈಗಲೇ ಹೇಳಿಡಿ. ಯಾವುದಕ್ಕೆ ಹೋದರೂ ಎರಡನೇ ವರ್ಷದ ರಜೆಯಲ್ಲಿ ಸಿಪಿಸಿಆರ್‌ಐಯಂಥ ಕಡೆ ಕೆಲವು ವಾರ ಕೆಲಸ ಕಲಿಯಲು ಬಿಡುತ್ತಾರಾ ಎಂದು ಕಾಲೇಜಿನ ಮೂಲಕ ಮೊದಲೇ ಕಾಗದ ಬರೆಸಿ.